ಯಂತ್ರ ಬಂತು, ವಿದ್ಯೆ ಬರಲಿಲ್ಲ

ಯಾದಗಿರಿ ಜಿಲ್ಲೆಯ ಒಂದು ಊರು. ಹೆಸರು ಬೇಡ, ಇಂಥ ಊರುಗಳು ನಮ್ಮ ಕಡೆ ಬೇಕಾದಷ್ಟು ಸಿಗುತ್ತವೆ. ಬಸ್ ನಿಲ್ಲುವ ಜಾಗದ ಪಕ್ಕದಲ್ಲೇ ಶುದ್ಧ ಕುಡಿಯುವ ನೀರಿನ ಘಟಕ ಇದೆ. ತಗಡಿನ ಶೆಡ್ಡು, ನಾಣ್ಯ ಹಾಕುವ ಡಬ್ಬಿ, ಗೋಡೆಗೆ ಉದ್ಘಾಟನೆಯ ಕಲ್ಲು. ಕಲ್ಲಿನ ಮೇಲಿರುವ ಹೆಸರುಗಳನ್ನು ಈಗಲೂ ಚೆನ್ನಾಗಿ ಓದಬಹುದು. ನೀರು ಮಾತ್ರ ಬರುವುದಿಲ್ಲ. ಎದುರಿನ ಚಹಾ ಅಂಗಡಿಯವರನ್ನು ಕೇಳಿದೆ.

"ಕೆಟ್ಟು ವರ್ಷ ಆಗ್ಲಿಕ್ಕೆ ಬಂತ್ರಿ. ಹಾಕಿದವ್ರು ಹೈದ್ರಾಬಾದ್ ಕಡೆಯವ್ರು. ಫೋನ್ ಎತ್ತಂಗಿಲ್ಲ."

ಊರಲ್ಲಿ ಯಾರಿಗೂ ರಿಪೇರಿ ಬರುವುದಿಲ್ಲವಾ ಅಂದೆ.

"ಅದರೊಳಗ ಏನದ ಅಂತ ಯಾರಿಗ್ ಗೊತ್ತದರಿ?"

ಈ ಕೊನೆಯ ಮಾತು ನನ್ನ ತಲೆಯಲ್ಲಿ ಉಳಿಯಿತು. ಸರ್ಕಾರ ದುಡ್ಡು ಕೊಟ್ಟಿದೆ, ಯಂತ್ರ ಬಂದಿದೆ, ಬಿಲ್ ಪಾಸಾಗಿದೆ, ಕಡತ ಮುಚ್ಚಿದೆ. ಆದರೆ ಯಂತ್ರದ ಜೊತೆ ಬರಬೇಕಿದ್ದ ತಿಳಿವಳಿಕೆ ಬರಲೇ ಇಲ್ಲ. ಗುತ್ತಿಗೆದಾರರ ಗಾಡಿಯಲ್ಲಿ ಬಂದದ್ದು ಅದೇ ಗಾಡಿಯಲ್ಲಿ ವಾಪಸ್ ಹೋಯಿತು. ಬೀದರ್, ಕಲಬುರಗಿ, ಯಾದಗಿರಿಯಲ್ಲಿ ಸರ್ಕಾರಿ ಖರೀದಿಯ ಬಗ್ಗೆ ಮಾತು ಬಂದಾಗೆಲ್ಲ ಚರ್ಚೆ ಪರ್ಸೆಂಟೇಜ್ ಸುತ್ತಲೇ ತಿರುಗುತ್ತದೆ. ಅದು ಇರಬೇಕಾದದ್ದೇ. ಆದರೆ ಒಂದು ಪೈಸೆ ಲಂಚ ಇಲ್ಲದೆ ಪ್ರಾಮಾಣಿಕವಾಗಿ ಕೊಂಡ ಯಂತ್ರವೂ ಹೀಗೇ ಮೂಲೆ ಸೇರಬಹುದು. ಕಾರಣ ಟೆಂಡರ್ ಬರೆಯುವ ರೀತಿಯಲ್ಲಿದೆ.

ನೀರಿನ ಘಟಕದ ಟೆಂಡರ್ ಸಾಮಾನ್ಯವಾಗಿ ಏನು ಕೇಳುತ್ತದೆ? ಗಂಟೆಗೆ ಇಷ್ಟು ಲೀಟರ್ ಶುದ್ಧ ಮಾಡುವ ಆರ್‌ಒ ಯಂತ್ರ, ಇಷ್ಟು ಅಳತೆಯ ಶೆಡ್ಡು, ಇಂಥ ಟ್ಯಾಂಕು, ಇಂಥ ಮೋಟರ್. ಅಂದರೆ ಸಾಮಾನಿನ ಪಟ್ಟಿ. ಆದರೆ ಊರಿಗೆ ಬೇಕಾದದ್ದು ಸಾಮಾನಲ್ಲ, ಕುಡಿಯುವ ನೀರು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್, ಅಂದರೆ ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಲವಣ, ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಟೆಂಡರ್‌ನಲ್ಲಿ ಇದನ್ನೇ ಬರೆಯಬಹುದಿತ್ತು: ಈ ಊರಿಗೆ ದಿನಕ್ಕೆ ಇಷ್ಟು ಕೊಡ ನೀರು, ಫ್ಲೋರೈಡ್ ಇಷ್ಟರ ಒಳಗೆ, ಐದು ವರ್ಷ, ಹೇಗೆ ಕೊಡುತ್ತೀರೋ ನಿಮಗೆ ಬಿಟ್ಟದ್ದು, ಕೊಟ್ಟ ನೀರಿಗೆ ತಿಂಗಳು ತಿಂಗಳು ದುಡ್ಡು.

ಎರಡೂ ಒಂದೇ ಅಲ್ವಾ ಅನ್ನಿಸಬಹುದು. ಅಲ್ಲ. ಟೆಂಡರ್‌ನಲ್ಲಿ ಆರ್‌ಒ ಅಂತ ಹೆಸರು ಹಾಕಿದ ಕೂಡಲೇ ಉಳಿದ ದಾರಿಗಳೆಲ್ಲ ಮುಚ್ಚುತ್ತವೆ. ಆರ್‌ಒ ಯಂತ್ರ ಒಳಗೆ ಹೋದ ನೀರಿನಲ್ಲಿ ದೊಡ್ಡ ಪಾಲನ್ನು ಹೊರಗೆ ಚೆಲ್ಲುತ್ತದೆ. ಬೇಸಿಗೆಯಲ್ಲಿ ಬೋರ್‌ವೆಲ್ಲೇ ಉಸಿರು ಬಿಡುವ ನಮ್ಮ ಊರುಗಳಿಗೆ ಅದು ದುಬಾರಿ. ಫ್ಲೋರೈಡ್ ತೆಗೆಯುವುದಕ್ಕೆ ಬೇರೆ ವಿಧಾನಗಳೂ ಇವೆ. ಪಟಕ ಮತ್ತು ಸುಣ್ಣ ಬೆರೆಸಿ ಫ್ಲೋರೈಡ್ ಇಳಿಸುವ ವಿಧಾನವನ್ನು ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿತ್ತು. ಅದಕ್ಕೆ ನಲ್ಗೊಂಡ ವಿಧಾನ ಅಂತಲೇ ಹೆಸರು. ನಲ್ಗೊಂಡ ನಮಗೆ ದೂರವೇನಲ್ಲ, ಪಕ್ಕದ ತೆಲಂಗಾಣದ್ದು. ಸಕ್ರಿಯ ಅಲ್ಯೂಮಿನಾ ತುಂಬಿದ ಫಿಲ್ಟರ್ ಇದೆ. ಮಳೆನೀರು ಹಿಡಿದು ಬೆರೆಸುವುದಿದೆ. ಯಾವ ಊರಿಗೆ ಯಾವುದು ಸರಿ ಎಂಬುದು ಆ ಊರಿನ ನೀರು ನೋಡಿ ಹೇಳಬೇಕಾದ ಮಾತು. ಸುರಪುರ ಭಾಗದ ಕೆಲವು ಹಳ್ಳಿಗಳಲ್ಲಿ ತೊಂದರೆ ಫ್ಲೋರೈಡ್ ಅಲ್ಲ, ಆರ್ಸೆನಿಕ್. ಎಲ್ಲಕ್ಕೂ ಒಂದೇ ಎಸ್ಟಿಮೇಟ್ ಹಾಕಿದರೆ ಹೊಸದಾಗಿ ಯೋಚಿಸುವವರಿಗೆ ಒಳಗೆ ಬರಲು ಜಾಗವೇ ಇರುವುದಿಲ್ಲ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ನೀರು ಬಂದರಷ್ಟೇ ದುಡ್ಡು ಎಂದಾದರೆ, ಗುತ್ತಿಗೆದಾರರು ತಮ್ಮ ಲಾಭಕ್ಕಾದರೂ ಊರಿನ ಒಬ್ಬ ಹುಡುಗನಿಗೆ ಕೆಲಸ ಕಲಿಸುತ್ತಾರೆ. ಸಣ್ಣ ಪುಟ್ಟ ಕೆಟ್ಟದ್ದಕ್ಕೆಲ್ಲ ಹೈದರಾಬಾದಿನಿಂದ ಮೆಕ್ಯಾನಿಕ್ ಕಳಿಸುವುದು ಯಾರಿಗೂ ಕಟ್ಟುವುದಿಲ್ಲ.

ಕಡಿಮೆ ದರದ ಕಟ್ಟುಪಾಡು

ಹಾಗಾದರೆ ಅಧಿಕಾರಿಗಳು ಯಾಕೆ ಹೀಗೆ ಬರೆಯುವುದಿಲ್ಲ? ಸುಮ್ನೆ ಬೈಯುವುದು ಸುಲಭ. ಅವರ ಕುರ್ಚಿಯಲ್ಲಿ ಕೂತು ನೋಡಿದರೆ ಕಾಣುವುದೇ ಬೇರೆ.

ರಾಜ್ಯದಲ್ಲಿ ಸರ್ಕಾರಿ ಖರೀದಿ ನಡೆಯುವುದು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಪ್ರಕಾರ. ಎಲ್ಲರೂ ಕರೆಯುವುದು ಕೆಟಿಪಿಪಿ ಅಂತ. ಬೇಕಾದವರಿಗೆ ಕರೆದು ಕೊಡುವ ಪದ್ಧತಿಗೆ ಕಡಿವಾಣ ಹಾಕಲು ಬಂದ ಕಾಯ್ದೆ ಇದು, ಒಳ್ಳೆಯದೇ. ಇದರ ಬೆನ್ನೆಲುಬು ಎಲ್1, ಅಂದರೆ ಷರತ್ತು ಪೂರೈಸಿದವರಲ್ಲಿ ಎಲ್ಲರಿಗಿಂತ ಕಡಿಮೆ ದರ ಬರೆದವರು. ಕಡಿಮೆ ದರಕ್ಕೆ ಕೊಟ್ಟ ಅಧಿಕಾರಿಯನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಜಾಸ್ತಿ ದರದ ಒಳ್ಳೆಯ ಸಾಮಾನು ಕೊಂಡವರ ಮೇಲೆ ಮಾತ್ರ ಆಡಿಟ್ ಪ್ಯಾರಾ, ಅಂದರೆ ಲೆಕ್ಕ ತಪಾಸಣೆಯವರ ಆಕ್ಷೇಪ, ಬೀಳುತ್ತದೆ. ನಿವೃತ್ತಿಯಾದ ಮೇಲೂ ಅದಕ್ಕೆ ಉತ್ತರ ಬರೆಯುತ್ತಾ ಕೂರಬೇಕು. ಹೀಗಿರುವಾಗ ಹೊಸದನ್ನು ಪ್ರಯತ್ನಿಸಿ ಎಂದರೆ ಯಾರು ಮುಂದೆ ಬರುತ್ತಾರೆ?

ಇದರ ಜೊತೆಗೆ ಎಸ್‌ಆರ್ ಇದೆ. ಕಾಮಗಾರಿಯ ದರಪಟ್ಟಿ. ಆ ಪಟ್ಟಿಯಲ್ಲಿ ಇರುವ ಸಾಮಾನಿಗೆ ಎಸ್ಟಿಮೇಟ್ ಹಾಕುವುದು ಅರ್ಧ ದಿನದ ಕೆಲಸ. ಇಲ್ಲದ ಸಾಮಾನು ಬಳಸಬೇಕೆಂದರೆ ದರ ವಿಶ್ಲೇಷಣೆ ಮಾಡಬೇಕು, ಕೊಟೇಶನ್ ತರಿಸಬೇಕು, ಮೇಲಿನವರ ಒಪ್ಪಿಗೆ ಪಡೆಯಬೇಕು. ಮಾರ್ಚ್ ಹತ್ತಿರ ಬಂದಿರುತ್ತದೆ, ದುಡ್ಡು ಲ್ಯಾಪ್ಸ್ ಆಗುವ ಭಯ ಬೇರೆ. ಜೂನಿಯರ್ ಇಂಜಿನಿಯರ್ ಏನು ಮಾಡುತ್ತಾರೆ? ಹೋದ ವರ್ಷದ ಫೈಲ್ ತೆಗೆದು ಊರಿನ ಹೆಸರು ಬದಲಿಸುತ್ತಾರೆ. ಹೊಸ ಆಲೋಚನೆ ಸಾಯುವುದು ಇಂಥ ಕಡೆ, ಸದ್ದಿಲ್ಲದೆ.

ಮೂರನೆಯದು ಅರ್ಹತೆಯ ಷರತ್ತು. ಇಷ್ಟು ವರ್ಷದ ವಹಿವಾಟು, ಇಂಥದ್ದೇ ಕೆಲಸ ಮಾಡಿದ ಅನುಭವ, ಇಎಂಡಿ ಎಂಬ ಮುಂಗಡ ಠೇವಣಿ. ಮೊದಲ ಸಲ ಮಾಡುವವರಿಗೆ ಅನುಭವ ಎಲ್ಲಿಂದ ಬರಬೇಕು? ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಸ್ಟಾರ್ಟ್‌ಅಪ್‌ಗಳಿಗೆ ಹಳೆಯ ವಹಿವಾಟು ಮತ್ತು ಅನುಭವದ ಷರತ್ತು ಸಡಿಲಿಸಲು ಅವಕಾಶ ಇದೆ. ಸಣ್ಣ ಉದ್ದಿಮೆಗಳಿಂದ ವರ್ಷದ ಖರೀದಿಯಲ್ಲಿ ಶೇ 25ರಷ್ಟು ಕೊಳ್ಳಬೇಕು, ಅದರಲ್ಲಿ ಮಹಿಳೆಯರ ಉದ್ದಿಮೆಗಳಿಗೆ ಶೇ 3 ಎಂಬ ನಿಯಮವೂ ಕೇಂದ್ರ ಇಲಾಖೆಗಳಿಗೆ ಇದೆ. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಇನ್ನೊಂದು ಹೆಜ್ಜೆ ಇಟ್ಟಿತು. ಕೆಲವು ಬಗೆಯ ಕಾಮಗಾರಿ ಮತ್ತು ಸೇವೆಗಳಲ್ಲಿ ದರದ ಜೊತೆ ಗುಣಮಟ್ಟಕ್ಕೂ ಅಂಕ ಕೊಡಬಹುದು, ಶೇ 30ರ ತನಕ ಎಂದಿತು.

ಬೆಲೆ ಒಂದೇ ಮುಖ್ಯ ಎಂದು ನಮ್ಮ ರಾಜ್ಯದ ಕಾನೂನೂ ಹಟ ಹಿಡಿದಿಲ್ಲ. ಒಂದು ಮೊತ್ತದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ 17.15, ಪರಿಶಿಷ್ಟ ಪಂಗಡದವರಿಗೆ ಶೇ 6.95 ಮೀಸಲಿದೆ. ಅಂದರೆ ಖರೀದಿ ಮೂಲಕ ಸಮಾಜಕ್ಕೆ ಇನ್ನೊಂದು ಒಳಿತನ್ನೂ ಮಾಡಿಸಬಹುದು ಎಂದು ವಿಧಾನಸೌಧ ಎಂದೋ ಒಪ್ಪಿದೆ. ಕಲಿಕೆಯನ್ನೂ ಆ ಒಳಿತಿನ ಲೆಕ್ಕಕ್ಕೆ ಸೇರಿಸಬಾರದಾ ಎಂಬುದಷ್ಟೇ ನನ್ನ ಪ್ರಶ್ನೆ.

ಕಿತ್ತೂರಿನ ಎಕ್ಸ್‌ಚೇಂಜು

ಇದು ಸಾಧ್ಯವೇ ಎನ್ನುವವರಿಗೆ ಕರ್ನಾಟಕದ ಒಂದು ಹಳೆಯ ಕಥೆ. ಆಗ ಹಳ್ಳಿಗೆ ಫೋನ್ ಬರುವುದೇ ಕನಸು. ವಿದೇಶದಿಂದ ತರಿಸುವ ಎಕ್ಸ್‌ಚೇಂಜುಗಳು ದೊಡ್ಡ ಊರುಗಳಿಗಾಗಿ ಮಾಡಿದವು, ಅವಕ್ಕೆ ಎಸಿ ಕೋಣೆಯೇ ಬೇಕು. 1984ರಲ್ಲಿ ಸಿ-ಡಾಟ್ ಎಂಬ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಹುಟ್ಟಿತು. ಅದಕ್ಕೆ ಕೊಟ್ಟ ಕೆಲಸ ಸಾಮಾನಿನ ಪಟ್ಟಿಯ ರೂಪದಲ್ಲಿ ಇರಲಿಲ್ಲ, ಕಷ್ಟದ ರೂಪದಲ್ಲಿತ್ತು: ಬಿಸಿಲು, ಧೂಳು, ಹೋಗಿ ಬರುವ ಕರೆಂಟು, ಇದರ ಮಧ್ಯೆ ಎಸಿ ಇಲ್ಲದೆ ಓಡಬೇಕು. ಅವರು ಮಾಡಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೂತಿದ್ದು ನಮ್ಮ ಕಿತ್ತೂರಿನಲ್ಲಿ. ಆಮೇಲೆ ಸಿ-ಡಾಟ್ ಆ ವಿನ್ಯಾಸವನ್ನು ತಾನೇ ಇಟ್ಟುಕೊಳ್ಳಲಿಲ್ಲ, ಹಲವು ಕಾರ್ಖಾನೆಗಳಿಗೆ ಕೊಟ್ಟಿತು. ಕೊಳ್ಳುವವರು ಖಾತ್ರಿ ಇದ್ದರು, ದೂರಸಂಪರ್ಕ ಇಲಾಖೆ. ಹಾಗಾಗಿ ಕಾರ್ಖಾನೆಗಳೂ ಧೈರ್ಯ ಮಾಡಿದವು. ಊರೂರಿನಲ್ಲಿ ಅದನ್ನು ಬಿಚ್ಚಿ ಜೋಡಿಸಬಲ್ಲ ಟೆಕ್ನಿಷಿಯನ್‌ಗಳು ತಯಾರಾದರು.

ಇದರ ಪಕ್ಕದಲ್ಲಿ ಎಲ್‌ಇಡಿ ಬಲ್ಬಿನ ಕಥೆ ಇಡಿ. 2014ರಲ್ಲಿ ಸರ್ಕಾರಿ ಸಂಸ್ಥೆ ಇಇಎಸ್‌ಎಲ್ ಒಂದು ಬಲ್ಬಿಗೆ ಸುಮಾರು 310 ರೂಪಾಯಿ ಕೊಡುತ್ತಿತ್ತು. ಕೋಟಿಗಟ್ಟಲೆ ಬಲ್ಬು ಒಟ್ಟಿಗೆ ಕೊಳ್ಳುತ್ತೇವೆ ಎಂದಾಗ ಎರಡು ಮೂರು ವರ್ಷದಲ್ಲೇ ಅದು 38 ರೂಪಾಯಿಗೆ ಇಳಿಯಿತು. ಕೊಳ್ಳುವವರ ತೂಕ ಎಷ್ಟಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಇವೆರಡನ್ನೂ ಒಂದೇ ತಟ್ಟೆಯಲ್ಲಿ ಇಡಬಾರದು. ಎಲ್‌ಇಡಿಯಲ್ಲಿ ಮುಖ್ಯವಾಗಿ ಇಳಿದದ್ದು ದರ. ಸಿ-ಡಾಟ್‌ನಲ್ಲಿ ಹರಡಿದ್ದು ವಿದ್ಯೆ. ನಮ್ಮ ಜಿಲ್ಲೆಗಳಿಗೆ ಎರಡನೆಯದು ಜಾಸ್ತಿ ಬೇಕು ಎಂದು ನನಗನ್ನಿಸುತ್ತದೆ.

ಅಮೆರಿಕ ಇದನ್ನು 1982ರಲ್ಲೇ ಕಾನೂನು ಮಾಡಿತು. ದೊಡ್ಡ ಇಲಾಖೆಗಳು ತಮ್ಮ ಸಂಶೋಧನಾ ಹಣದಲ್ಲಿ ಒಂದು ಪಾಲನ್ನು ಸಣ್ಣ ಕಂಪನಿಗಳಿಗೆ ಎತ್ತಿಡಬೇಕು. ಮೊದಲು ಸಣ್ಣ ಮೊತ್ತ, ಆಲೋಚನೆ ನಡೆಯುತ್ತದಾ ನೋಡಲು. ನಡೆದರೆ ದೊಡ್ಡ ಮೊತ್ತ, ಮಾದರಿ ಮಾಡಲು. ಅಲ್ಲಿಂದ ಮುಂದೆ ಮಾರುಕಟ್ಟೆ. ನಮ್ಮಲ್ಲಿ ರಕ್ಷಣಾ ಇಲಾಖೆ 2018ರಿಂದ ಐಡೆಕ್ಸ್ ಹೆಸರಿನಲ್ಲಿ ಇಂಥದ್ದೇ ಮಾಡುತ್ತಿದೆ. ಸೇನೆ ತನ್ನ ಕಷ್ಟ ಹೇಳುತ್ತದೆ, ಪರಿಹಾರ ತರುವವರಿಗೆ ಮಾದರಿ ಮಾಡಲು ಹಣ ಕೊಡುತ್ತದೆ. ಸೇನೆಗೆ ಆಗುವುದು ಗ್ರಾಮೀಣ ನೀರು ಸರಬರಾಜಿಗೆ ಯಾಕೆ ಆಗಬಾರದು?

ಬೀದರಿನ ಎರಡು ಪಾಠ

ಹೊರಗಿನಿಂದ ವಿದ್ಯೆ ತರಿಸಿಕೊಳ್ಳುವುದು ಈ ಸೀಮೆಗೆ ಹೊಸದೇನಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ ಪರ್ಷಿಯಾದ ಕಡೆಯಿಂದ ಎರಡು ವಿದ್ಯೆ ಬೀದರಿಗೆ ಬಂದವು. ಒಂದು ಬಿದ್ರಿ ಕೆಲಸ. ಸತು ಮತ್ತು ತಾಮ್ರದ ಮಿಶ್ರಣಕ್ಕೆ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬರಿಸುವ ಕಲೆ. ಇನ್ನೊಂದು ಕರೇಜ್, ಅಂದರೆ ಸುರಂಗ ಬಾವಿ. ನೌಬಾದ್ ಕಡೆ ನೆಲದೊಳಗೆ ಸುರಂಗ ಕೊರೆದು, ಉದ್ದಕ್ಕೂ ಗಾಳಿ ಬೆಳಕಿಗೆ ಬಾವಿ ಬಿಟ್ಟು, ಮೋಟರ್ ಇಲ್ಲದೆ ನೀರು ಹರಿಸಿದ ವ್ಯವಸ್ಥೆ.

ಎರಡೂ ಆಳುವವರ ದುಡ್ಡಿನಿಂದ, ಆಳುವವರಿಗಾಗಿ ಬಂದವೇ. ಆದರೆ ಬಿದ್ರಿ ಮನೆಗಳಲ್ಲಿ ಕೂತಿತು. ಉಸ್ತಾದರ ಪಕ್ಕ ಹುಡುಗರು ಕೂತು ಕಲಿತರು, ಅವರ ಮಕ್ಕಳು ಕಲಿತರು, ಊರ ಮಣ್ಣೇ ಅದರ ಗುಟ್ಟಾಯಿತು. ಇವತ್ತಿಗೂ ಬೀದರಿನ ಗಲ್ಲಿಗಳಲ್ಲಿ ಸುತ್ತಿಗೆ ಸದ್ದು ಕೇಳುತ್ತದೆ. ಸುರಂಗ ಬಾವಿಗಳನ್ನು ನೋಡಿಕೊಳ್ಳುವ ಕೈಗಳು ಮಾತ್ರ ಉಳಿಯಲಿಲ್ಲ. ಹೂಳು ತುಂಬಿತು, ಕೆಲವು ಬಾವಿಗಳಿಗೆ ಜನ ಕಸ ಸುರಿದರು, ಇದು ನೀರಿನ ದಾರಿ ಎಂಬುದೇ ಮರೆತುಹೋಯಿತು. ಇತ್ತೀಚಿನ ವರ್ಷಗಳಲ್ಲಿ ಹೂಳು ತೆಗೆಸುವ ಕೆಲಸ ನಡೆದಾಗ ಬೀದರಿನವರಿಗೇ ಅದು ಹೊಸ ಸಂಗತಿಯಂತೆ ಕಂಡಿತು. ಕಟ್ಟಡ ಕೊಂಡರೆ ಕಟ್ಟಡ ಇರುತ್ತದೆ, ಕಲಿತವರು ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ.

ಈಗಿನ ಕಾಲದ ಕರೇಜ್ ಒಂದನ್ನು ನೋಡಬೇಕೆಂದರೆ ಯಾದಗಿರಿಗೆ ಹೋಗಬೇಕು. ನಾರಾಯಣಪುರ ಎಡದಂಡೆ ಕಾಲುವೆ. ಅದರ ವಿಸ್ತರಣೆ ಮತ್ತು ಆಧುನೀಕರಣ ಯೋಜನೆಯನ್ನು 2023ರ ಜನವರಿಯಲ್ಲಿ ಪ್ರಧಾನಿ ಕೊಡೇಕಲ್‌ನಲ್ಲಿ ಉದ್ಘಾಟಿಸಿದರು. ಖರ್ಚು ಸುಮಾರು 4,700 ಕೋಟಿ ರೂಪಾಯಿ, 10,000 ಕ್ಯೂಸೆಕ್ ಹರಿಯುವ ಕಾಲುವೆ, 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟು, ಯಾದಗಿರಿ, ಕಲಬುರಗಿ, ವಿಜಯಪುರದ 560 ಹಳ್ಳಿಗಳು. ಕಾಲುವೆಯ ಗೇಟುಗಳನ್ನು ದೂರದಿಂದಲೇ ಏರಿಸಿ ಇಳಿಸುವ, ಎಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂದು ಪರದೆಯ ಮೇಲೆ ತೋರಿಸುವ ಸ್ಕಾಡಾ ವ್ಯವಸ್ಥೆಯೂ ಈ ಕಾಲುವೆಗೆ ಬಂದಿದೆ. ಕಾಲುವೆಯ ಕೊನೆ ಭಾಗದ ರೈತರಿಗೆ ನೀರು ಮುಟ್ಟುವುದಿಲ್ಲ ಎಂಬ ಜಗಳ ನಮ್ಮಲ್ಲಿ ಎಷ್ಟು ಹಳೆಯದು ಎಂದು ಗೊತ್ತಿದ್ದವರಿಗೆ ಇದರ ಬೆಲೆ ತಿಳಿಯುತ್ತದೆ.

ಇಂಥ ದೊಡ್ಡ ಖರೀದಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಬಹಳ ಸಣ್ಣವು. ಸೆನ್ಸರ್ ಕೆಟ್ಟರೆ ಬದಲಿಸುವವರು ಯಾರು, ಅದು ಬೇರೆ ಕಂಪನಿಯದ್ದಾದರೂ ಕೂರುತ್ತದಾ? ಸಾಫ್ಟ್‌ವೇರಿನ ಪಾಸ್‌ವರ್ಡ್ ಯಾರ ಹತ್ತಿರ ಇದೆ? ತಮಾಷೆಯಲ್ಲ, ಸರ್ಕಾರಿ ಕಚೇರಿಗಳಲ್ಲಿ ಗುತ್ತಿಗೆ ಮುಗಿದ ಮೇಲೆ ಪಾಸ್‌ವರ್ಡ್‌ಗಾಗಿ ಕಂಪನಿಯ ಹಿಂದೆ ಅಲೆಯುವುದನ್ನು ನಾನೇ ನೋಡಿದ್ದೇನೆ. ನಕ್ಷೆಗಳನ್ನು ಕೊಟ್ಟಿದ್ದಾರಾ? ನೀರಿನ ಲೆಕ್ಕ ಕಾಲೇಜಿನ ಹುಡುಗರಿಗೆ ಓದಲು ಸಿಗುತ್ತದಾ? ಭೀಮರಾಯನಗುಡಿಯಲ್ಲೇ ಕೃಷಿ ಕಾಲೇಜು ಇದೆ. ಕಲಬುರಗಿಯ ಪಿಡಿಎ ಇಂಜಿನಿಯರಿಂಗ್ ಕಾಲೇಜು 1958ರದ್ದು. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ. ಇಂಥ ಕಾಮಗಾರಿಯ ಟೆಂಡರಿನಲ್ಲಿ 'ಪ್ರತಿ ವರ್ಷ ಇಷ್ಟು ಸ್ಥಳೀಯ ಡಿಪ್ಲೊಮಾ, ಐಟಿಐ ಹುಡುಗ ಹುಡುಗಿಯರನ್ನು ಸೈಟಿನಲ್ಲೇ ತಯಾರು ಮಾಡಬೇಕು, ಅವರು ಒಬ್ಬರೇ ನಡೆಸಿ ತೋರಿಸಿದ ಮೇಲೆ ಕೊನೆಯ ಕಂತು' ಎಂಬ ಷರತ್ತು ಹಾಕಲು ಹೊಸ ಕಾನೂನೇನೂ ಬೇಡ. ತರಬೇತಿ ಎಂಬ ಹೆಸರಿನಲ್ಲಿ ಎರಡು ದಿನ ಹಾಲ್ ಬಾಡಿಗೆ ಹಿಡಿದು, ಪಿಪಿಟಿ ತೋರಿಸಿ, ಊಟ ಹಾಕಿ, ಫೋಟೊ ತೆಗೆಸಿದರೆ ಅದು ಲೆಕ್ಕಕ್ಕಿಲ್ಲ.

ರೊಟ್ಟಿಗೂ ಟೆಂಡರ್

ಹೊಸತನ ಎಂದ ಕೂಡಲೇ ಕಂಪ್ಯೂಟರ್, ಡ್ರೋನ್ ಎಂದೇ ಯೋಚಿಸಬೇಕಿಲ್ಲ. ಕಲಬುರಗಿ ಜಿಲ್ಲಾಡಳಿತ ಸ್ವಸಹಾಯ ಗುಂಪಿನ ಮಹಿಳೆಯರು ಬಡಿಯುವ ಜೋಳದ ರೊಟ್ಟಿಗೆ 'ಕಲಬುರಗಿ ರೊಟ್ಟಿ' ಎಂಬ ಬ್ರ್ಯಾಂಡ್ ಮಾಡಿತು. 2025ರ ಜೂನ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲೂ ಅದರ ಮಾತಾಡಿದರು. ನಮ್ಮ ಹೆಣ್ಣುಮಕ್ಕಳು ತಲೆಮಾರುಗಳಿಂದ ಬಡಿಯುತ್ತಿದ್ದ ರೊಟ್ಟಿಗೆ ಈಗ ಪ್ಯಾಕೆಟ್ಟು ಬಂತು, ಆನ್‌ಲೈನ್ ಆರ್ಡರ್ ಬಂತು. ಸಂತೋಷ.

ಈಗ ಇದೇ ಜಿಲ್ಲೆಗಳ ಸರ್ಕಾರಿ ಹಾಸ್ಟೆಲ್‌ಗಳನ್ನು ನೋಡಿ. ಸಾವಿರಾರು ಮಕ್ಕಳು ದಿನಕ್ಕೆ ಎರಡು ಹೊತ್ತು ಉಣ್ಣುತ್ತಾರೆ. ಆಹಾರ ಸಾಮಗ್ರಿಗೆ ಟೆಂಡರ್ ಆಗುತ್ತದೆ. ವಾರಕ್ಕೆ ಮೂರು ದಿನ ಕಡಕ್ ರೊಟ್ಟಿ ಎಂದು ಪಟ್ಟಿಗೆ ಸೇರಿಸಿದರೆ ಏನಾಗುತ್ತದೆ ಯೋಚಿಸಿ. ಮಹಿಳೆಯರಿಗೆ ವರ್ಷಪೂರ್ತಿ ಖಾತ್ರಿ ಆರ್ಡರ್. ಖಾತ್ರಿ ಆರ್ಡರ್ ಇದ್ದರೆ ಬ್ಯಾಂಕಿನವರು ಸಾಲ ಕೊಡುತ್ತಾರೆ. ಆಗ ರೊಟ್ಟಿ ಮುರಿಯದಂತೆ ಕಟ್ಟುವುದು ಹೇಗೆ, ಮಳೆಗಾಲದಲ್ಲಿ ಮೆತ್ತಗಾಗದಂತೆ ಇಡುವುದು ಹೇಗೆ, ಹೊಗೆ ಇಲ್ಲದ ಒಲೆ ಯಾವುದು ಎಂಬ ಪ್ರಶ್ನೆಗಳು ನಿಜವಾದ ಪ್ರಶ್ನೆಗಳಾಗುತ್ತವೆ. ಯಾರೋ ಒಬ್ಬರು ಉತ್ತರ ಹುಡುಕುತ್ತಾರೆ. ಹೊಸತನಕ್ಕೆ ಭಾಷಣಕ್ಕಿಂತ ಗಿರಾಕಿ ಬೇಕು.

ಆದರೆ ಅಲ್ಲೂ ಹಳೆಯ ತೊಡಕು. ವಹಿವಾಟಿನ ಷರತ್ತು, ಇಎಂಡಿ, ಇಡೀ ಜಿಲ್ಲೆಗೆ ಒಂದೇ ಟೆಂಡರ್. ಒಂದು ತಾಂಡಾದ ಹತ್ತು ಹೆಂಗಸರ ಗುಂಪು ಇಡೀ ಜಿಲ್ಲೆಗೆ ಹೇಗೆ ದರ ಬರೆಯುತ್ತದೆ? ಟೆಂಡರನ್ನು ತಾಲ್ಲೂಕುವಾರು, ಹಾಸ್ಟೆಲ್‌ವಾರು ಒಡೆದರೆ ಸಾಕು. ಒಡೆದರೆ ಆಡಿಟ್‌ನವರು 'ಟೆಂಡರ್ ತಪ್ಪಿಸಲು ಕಾಮಗಾರಿ ತುಂಡು ಮಾಡಿದ್ದಾರೆ' ಎನ್ನುತ್ತಾರೆ ಎಂಬ ಭಯ ಸುಳ್ಳಲ್ಲ. ಅದಕ್ಕೇ ಮೇಲಿನಿಂದ ಲಿಖಿತ ಆದೇಶ ಬೇಕಾಗುವುದು.

ಬಾಗಿಲು ತೆರೆದರೆ ಕಳ್ಳರೂ ಬರುತ್ತಾರೆ

ಇಲ್ಲಿ ನನ್ನ ವಾದಕ್ಕೇ ಎದುರಾಗಿ ಒಂದು ಮಾತು ಹೇಳಬೇಕು. ಅಧಿಕಾರಿಗಳಿಗೆ ಆಯ್ಕೆಯ ಸ್ವಾತಂತ್ರ್ಯ ಕೊಡಿ ಎಂದರೆ ನಮ್ಮ ರಾಜ್ಯದಲ್ಲಿ ಜನ ನಗುತ್ತಾರೆ. 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘವೇ ಶೇ 40 ಕಮಿಷನ್ ಎಂದು ಪ್ರಧಾನಿಗೆ ಪತ್ರ ಬರೆದು ಆರೋಪ ಮಾಡಿತ್ತು. ಕೆಟಿಪಿಪಿಯಲ್ಲಿ 4(ಜಿ) ವಿನಾಯಿತಿ ಇದೆ, ಟೆಂಡರ್ ಇಲ್ಲದೆ ನೇರವಾಗಿ ಕೊಡಲು. ತುರ್ತಿಗೆ, ವಿಶೇಷ ಸಂದರ್ಭಕ್ಕೆ ಎಂದು ಇಟ್ಟದ್ದು. ಅದು ಎಷ್ಟು ಸಲ 'ವಿಶೇಷ' ಆಯಿತು ಎಂಬುದನ್ನು ವಿಧಾನಸಭೆಯ ಗದ್ದಲ ಕೇಳಿದವರಿಗೆ ಬೇರೆ ಹೇಳಬೇಕಿಲ್ಲ. ಹೊಸತನದ ಹೆಸರಿನಲ್ಲಿ ಇನ್ನೊಂದು 4(ಜಿ) ಹುಟ್ಟಿದರೆ ಈಗಿರುವ ಎಲ್1 ಪದ್ಧತಿಯೇ ವಾಸಿ.

ಹಾಗಾಗಿ ನಾನು ಕೇಳುತ್ತಿರುವುದು ಟೆಂಡರ್ ಇಲ್ಲದ ಖರೀದಿಯಲ್ಲ. ಟೆಂಡರ್ ಇರಲಿ, ಪೋರ್ಟಲ್‌ನಲ್ಲೇ ಆಗಲಿ, ಎಲ್ಲರಿಗೂ ಕಾಣಲಿ. ಬದಲಾಗಬೇಕಾದದ್ದು ಟೆಂಡರ್ ಒಳಗಿನ ವಾಕ್ಯಗಳು. ಏನು ಬೇಕು ಎಂಬುದನ್ನು ಫಲಿತಾಂಶದಲ್ಲಿ ಹೇಳುವುದು, ಅಳೆಯುವ ವಿಧಾನ ಮೊದಲೇ ಬರೆದಿಡುವುದು, ಹಣವನ್ನು ವರ್ಷಗಳಿಗೆ ಹಂಚುವುದು. ಫ್ಲೋರೈಡ್ ಎಷ್ಟಿದೆ ಎಂದು ಲ್ಯಾಬ್ ಹೇಳುತ್ತದೆ, ಅದರಲ್ಲಿ ಅಧಿಕಾರಿಯ ಮರ್ಜಿಗೆ ಜಾಗ ಕಡಿಮೆ. ಟೆಂಡರ್ ಬಿದ್ದ ಮೇಲೆ ಅಂದಾಜಿಗಿಂತ ಶೇ 25 ಕಡಿಮೆ (ಬಿಲೋ) ಬರೆದು ಕೆಲಸ ಹಿಡಿದು, ಆಮೇಲೆ ಅರ್ಧಕ್ಕೆ ಬಿಟ್ಟು ಹೋಗುವ ಆಟಕ್ಕೂ ಇದರಿಂದ ತಡೆ ಬೀಳುತ್ತದೆ. ನಾಳೆಯ ನೀರಿಗೆ ನಾಳೆಯೇ ದುಡ್ಡು ಎಂದರೆ ಓಡಿಹೋಗಿ ಏನು ಲಾಭ?

ಸ್ಥಳೀಯರಿಗೇ ಎಲ್ಲ ಕೊಡಿ ಎಂಬ ಬೇಡಿಕೆಯೂ ನನಗೆ ಅರ್ಧ ಮಾತ್ರ ಒಪ್ಪಿಗೆ. ಹೊರಗಿನವರು ಬರಲಿ, ಅವರಿಗೆ ಗೊತ್ತಿದ್ದದ್ದನ್ನು ಇಲ್ಲಿ ಬಿಟ್ಟು ಹೋಗಲಿ. ಊರ ಗುತ್ತಿಗೆದಾರರು ಎಂಬ ಒಂದೇ ಕಾರಣಕ್ಕೆ ಕೆಟ್ಟ ರಸ್ತೆಯನ್ನು ಯಾರೂ ಪ್ರೀತಿಸುವುದಿಲ್ಲ.

ದುಡ್ಡಿಲ್ಲ ಎನ್ನುವ ನೆಪ ಈಗ ನಡೆಯುವುದಿಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ದೊಡ್ಡ ಅನುದಾನ ಬರುತ್ತಿದೆ. ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಎಂದು ಘೋಷಣೆಯಾಗಿದೆ. ಕಲಬುರಗಿಯ ಹೊಸ ಜಯದೇವ ಆಸ್ಪತ್ರೆಗೂ ಇದೇ ಮಂಡಳಿಯ ದುಡ್ಡು. ಹಾಸಿಗೆಗಳ ಸಂಖ್ಯೆ ಸರಿಯಾಗಿ 371, ಅದು ಯಾರ ಐಡಿಯಾವೋ, ಚೆನ್ನಾಗಿದೆ. 371ಜೆ ನಮ್ಮ ಮಕ್ಕಳಿಗೆ ಸೀಟು ಕೊಟ್ಟಿತು, ನೌಕರಿಯಲ್ಲಿ ಮೀಸಲಾತಿ ಕೊಟ್ಟಿತು. ಆದರೆ ಮಂಡಳಿಯ ಹಣದಲ್ಲಿ ಏನನ್ನು, ಹೇಗೆ ಕೊಳ್ಳಬೇಕು ಎಂಬುದರ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಇಂಜಿನಿಯರಿಂಗ್ ಸೀಟು ಸಿಕ್ಕ ಹುಡುಗಿ ಓದು ಮುಗಿಸಿ ಬೆಂಗಳೂರಿಗೆ ಹೋಗುತ್ತಾಳೆ. ಅವಳ ಊರಿನ ಯಂತ್ರ ರಿಪೇರಿಗೆ ಹೈದರಾಬಾದಿಗೆ ಫೋನ್ ಹೋಗುತ್ತದೆ.

ಮಂಡಳಿ ಮುಂದಿನ ಕ್ರಿಯಾ ಯೋಜನೆಯಲ್ಲಿ ಇಡೀ ವಿಭಾಗಕ್ಕೆ ಹೊಸ ನೀತಿ ಮಾಡಬೇಕಿಲ್ಲ. ಒಂದು ತಾಲ್ಲೂಕು ಹಿಡಿಯಲಿ. ಸುರಪುರ ಆಗಬಹುದು, ಅಫಜಲಪುರ ಆಗಬಹುದು, ಔರಾದ್ ಆಗಬಹುದು. ಅಲ್ಲಿ ಕೆಟ್ಟು ನಿಂತ ನೀರಿನ ಘಟಕಗಳ ಪಟ್ಟಿ ಮಾಡಿ, ಪ್ರತಿ ಊರಿನ ನೀರಿನ ಪರೀಕ್ಷಾ ವರದಿಯ ಜೊತೆ ಪೋರ್ಟಲ್‌ಗೆ ಹಾಕಲಿ. ಎರಡು ಮೂರು ಬಗೆಯ ಪರಿಹಾರಕ್ಕೆ ಐದೈದು ಊರು ಕೊಟ್ಟು ಒಂದು ಬೇಸಿಗೆ, ಒಂದು ಮಳೆಗಾಲ ನೋಡಲಿ. ಗೆದ್ದವರಿಗೆ ಉಳಿದ ಊರುಗಳು, ಊರಿಗೊಬ್ಬರನ್ನು ತಯಾರು ಮಾಡುವ ಷರತ್ತಿನೊಂದಿಗೆ. ಸೋತ ಪ್ರಯೋಗದ ಖರ್ಚಿಗೆ ಯಾವ ಇಂಜಿನಿಯರ್ ಮೇಲೂ ಆಡಿಟ್ ಪ್ಯಾರಾ ಬೀಳದಂತೆ ಆದೇಶದಲ್ಲೇ ಒಂದು ಸಾಲು ಸೇರಿಸಲಿ. ಆ ಸಾಲು ಇಲ್ಲದಿದ್ದರೆ ಜೂನಿಯರ್ ಇಂಜಿನಿಯರ್ ಮತ್ತೆ ಹೋದ ವರ್ಷದ ಫೈಲೇ ತೆಗೆಯುತ್ತಾರೆ, ಅವರದ್ದೂ ತಪ್ಪಲ್ಲ.